ಮಧ್ಯಯುಗದ ಇಂಗ್ಲೆಂಡಿನ ಕೊಲೆ ಕಾದಂಬರಿ: ಹೆಣ, ಅರಮನೆ, ಮಾಟ – ಯಾವುದನ್ನು ಮೊದಲು ಬರೆಯಬೇಕು?

ಹೊಸ ಬರಹಗಾರರು ಓದಲು ಕೊಡುವ ಹಸ್ತಪ್ರತಿಗಳಲ್ಲಿ ಈಗೀಗ ಈ ಬಗೆಯವು ಜಾಸ್ತಿ ಬರುತ್ತಿವೆ. ಮಧ್ಯಯುಗದ ಇಂಗ್ಲೆಂಡು, ಒಂದು ಕೊಲೆ, ಹಿಂದೆ ರಾಜಕೀಯದ ಸಂಚು, ಮೇಲಿಂದ ಮಾಟ. ಮೊದಲ ಐವತ್ತು ಪುಟ ಚೆನ್ನಾಗಿಯೇ ಓಡುತ್ತದೆ. ಅರ್ಧ ದಾರಿಗೆ ಬರುವಷ್ಟರಲ್ಲಿ ಪತ್ತೆದಾರನಿಗೆ ಕನಸು ಬೀಳುತ್ತದೆ. ಇಲ್ಲವೇ ಮುದುಕಿಯೊಬ್ಬಳು ಬೋಗುಣಿಯ ನೀರಿನಲ್ಲಿ ಕೊಲೆಗಾರನ ಮುಖ ತೋರಿಸುತ್ತಾಳೆ. ಅಲ್ಲಿಗೆ ಎಲ್ಲ ಮುಗಿಯಿತು. ಇನ್ನೂರು ಪುಟ ತಲೆ ಓಡಿಸಿಕೊಂಡು ಬಂದ ಓದುಗನಿಗೆ ಮೋಸವಾಯಿತು.

ಬರೆಯುವವರಲ್ಲಿ ಪ್ರತಿಭೆ ಕಡಿಮೆ ಎಂದು ನನಗೆ ಅನ್ನಿಸಿಲ್ಲ. ತಪ್ಪುವುದು ಕೆಲಸದ ಕ್ರಮ. ಬಹುತೇಕರು ಮೊದಲು ಮಾಟವನ್ನು ಕಲ್ಪಿಸಿಕೊಳ್ಳುತ್ತಾರೆ, ಆಮೇಲೆ ಅರಮನೆ, ಕೊನೆಗೆ ಕೊಲೆ. ಇದನ್ನು ತಿರುಗಿಸಬೇಕು. ಊರು ಮತ್ತು ಕಾನೂನು ಮೊದಲು, ಆಮೇಲೆ ಕೊಲೆ, ಆಮೇಲೆ ರಾಜಕೀಯ, ಎಲ್ಲದರ ಕೊನೆಗೆ ಮಾಟ. ಪುಸ್ತಕದ ಮೊದಲ ಪುಟದಲ್ಲೇ ಮಾಟ ಕಾಣಿಸಲಿ, ತೊಂದರೆಯಿಲ್ಲ. ನಿಮ್ಮ ನೋಟ್‌ಬುಕ್ಕಿನಲ್ಲಿ ಮಾತ್ರ ಅದು ಕೊನೆಗೆ ಬರಬೇಕು.

ಬರೀ ನಿಯಮ ಹೇಳಿದರೆ ಕೈಗೆ ಹತ್ತುವುದಿಲ್ಲ. ಅದಕ್ಕೇ ಒಂದು ನಿಜವಾದ ಪ್ರಕರಣವನ್ನು ಜೊತೆಗಿಟ್ಟುಕೊಂಡು ಹೋಗೋಣ. 1323ರ ಚಳಿಗಾಲದ ಶುರು. ಇಂಗ್ಲೆಂಡಿನ ನಡುನಾಡಿನ ಊರು ಕವೆಂಟ್ರಿ. ಅಲ್ಲಿನ ಕೆಲವು ನಾಗರಿಕರು ಜಾನ್ ಆಫ್ ನಾಟಿಂಗ್‌ಹ್ಯಾಮ್ ಎಂಬ ಮಾಟಗಾರನ ಮನೆಗೆ ಹೋದರು. ರಾಜ ಎರಡನೇ ಎಡ್ವರ್ಡ್, ಅವನ ಆಪ್ತರಾದ ಡಿಸ್ಪೆನ್ಸರ್ ಅಪ್ಪ-ಮಗ, ಊರಿನ ಮಠದ ಮುಖ್ಯಸ್ಥನಾದ ಪ್ರಯರ್, ಇವರನ್ನೆಲ್ಲ ಮೇಣದ ಗೊಂಬೆ ಮಾಡಿ ಕೊಲ್ಲಬೇಕು ಎಂದು ಮಾತಾಯಿತು. ಕೆಲಸ ಮುಂದಿನ ಮೇ ತಿಂಗಳವರೆಗೆ ನಡೆಯಿತು. ಮೊದಲು ರಿಚರ್ಡ್ ಡಿ ಸೋ ಎಂಬವನ ಮೇಲೆ ಪ್ರಯೋಗ ಮಾಡಿ ನೋಡಿದರು. ಅವನು ಸತ್ತ. ಆಮೇಲೆ ಮಾಟಗಾರನ ಜೊತೆಗಾರ ರಾಬರ್ಟ್ ಮಾರ್ಷಲ್ ಅಧಿಕಾರಿಗಳ ಮುಂದೆ ಎಲ್ಲವನ್ನೂ ಬಾಯಿಬಿಟ್ಟ. ಇಷ್ಟೂ ನ್ಯಾಯಾಲಯದ ದಾಖಲೆಯಲ್ಲಿದೆ. ಕೊಲೆ, ರಾಜಕೀಯ, ಮಾಟ ಮೂರೂ ಒಂದೇ ಕಡೆ ಸಿಕ್ಕಿವೆ, ಅಲ್ವಾ?

ಕೈಗೆ ಬೇಕಾದ ಸಾಮಾನು

ಒಂದು ದೊಡ್ಡ ಹಾಳೆಯಲ್ಲಿ ಆ ವರ್ಷದ ಹಬ್ಬಗಳ ಪಟ್ಟಿ ಬರೆದು ಗೋಡೆಗೆ ಅಂಟಿಸಿ. ಆಗಿನ ಜನ ತಾರೀಕು ಹೇಳುತ್ತಿರಲಿಲ್ಲ. 'ಸಂತ ನಿಕೋಲಸನ ಹಬ್ಬಕ್ಕೆ ಮುಂಚಿನ ಬುಧವಾರ' ಎನ್ನುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ 'ಯುಗಾದಿ ಆದ ಮೂರನೇ ದಿನ' ಎಂದ ಹಾಗೆ. 1324ರಲ್ಲಿ ಈಸ್ಟರ್ ಏಪ್ರಿಲ್ 15ಕ್ಕೆ ಬಿತ್ತು. ಉಪವಾಸದ ದಿನ ಯಾವುದು, ಮಾಂಸ ತಿನ್ನಬಹುದಾದ ದಿನ ಯಾವುದು ಎಂದು ಅದರಿಂದಲೇ ಲೆಕ್ಕ ಹಾಕಬೇಕು.

ಇನ್ನೊಂದು ಹಾಳೆಯಲ್ಲಿ ದೂರದ ನಕ್ಷೆ. ಕವೆಂಟ್ರಿಯಿಂದ ಲಂಡನ್ನಿಗೆ ಸುಮಾರು 150 ಕಿಲೋಮೀಟರ್. ಕುದುರೆ ಸವಾರನಿಗೆ ಮೂರು ದಿನ, ಕಾಲ್ನಡಿಗೆಗೆ ಐದಾರು ದಿನ. ಇದನ್ನು ಬರೆದಿಟ್ಟುಕೊಳ್ಳದವರ ಕಾದಂಬರಿಯಲ್ಲಿ ರಾಜನ ಪತ್ರ ಬೆಳಿಗ್ಗೆ ಹೊರಟು ಸಂಜೆಗೇ ಬಂದುಬಿಡುತ್ತದೆ.

ಮೂರನೆಯದು ದುಡ್ಡಿನ ಲೆಕ್ಕ. 12 ಪೆನ್ನಿಗೆ ಒಂದು ಶಿಲಿಂಗ್, 20 ಶಿಲಿಂಗಿಗೆ ಒಂದು ಪೌಂಡ್. ಆಣೆ-ಪೈ ಲೆಕ್ಕ ಕೇಳಿ ಬೆಳೆದವರಿಗೆ ಇದು ಕಷ್ಟವಲ್ಲ.

ನಾಲ್ಕನೆಯದು 'ಯಾರಿಗೆ ಏನು ಗೊತ್ತು' ಎಂಬ ಪಟ್ಟಿ. ಎಡಗಡೆ ಪಾತ್ರಗಳ ಹೆಸರು, ಮೇಲ್ಗಡೆ ಅಧ್ಯಾಯದ ಸಂಖ್ಯೆ. ಪ್ರತಿ ಅಧ್ಯಾಯ ಮುಗಿದ ಮೇಲೆ ತುಂಬಿಸಿ. ಇದಿಲ್ಲದೆ ಕೊಲೆ ಕಾದಂಬರಿಗೆ ಕೈಹಾಕಲೇಬೇಡಿ.

ಹಂತ 1: ವರ್ಷ ಮತ್ತು ಊರನ್ನು ಗಟ್ಟಿ ಮಾಡಿಕೊಳ್ಳಿ

'ಹದಿನಾಲ್ಕನೇ ಶತಮಾನದ ಒಂದು ಊರು' ಎಂದರೆ ಸಾಲದು. ವರ್ಷ ಬೇಕು, ತಿಂಗಳು ಬೇಕು. 20 ವರ್ಷ ಆಚೀಚೆ ಆದರೂ ಲೋಕವೇ ಬದಲಾಗಿರುತ್ತದೆ. 1290ರಲ್ಲಿ ಯಹೂದಿಗಳನ್ನು ಇಂಗ್ಲೆಂಡಿನಿಂದ ಹೊರಹಾಕಿದ್ದರು. ಹಾಗಾಗಿ 1324ರ ಕವೆಂಟ್ರಿಯಲ್ಲಿ ಯಹೂದಿ ಲೇವಾದೇವಿಗಾರನನ್ನು ಕೂರಿಸಿದರೆ ತಪ್ಪು. ಪ್ಲೇಗ್ ಬಂದದ್ದು 1348ರಲ್ಲಿ. ಅದಕ್ಕೆ ಮುಂಚೆ 1315ರಿಂದ 1317ರವರೆಗೆ ಭೀಕರ ಬರ ಬಿದ್ದಿತ್ತು. ಅಂದರೆ ನಿಮ್ಮ ಪಾತ್ರಗಳೆಲ್ಲ ಹಸಿವನ್ನು ಕಣ್ಣಾರೆ ಕಂಡವರು. 30 ವರ್ಷದ ಹೆಂಗಸು ಬಟ್ಟಲಿನ ತಳವನ್ನು ಬೆರಳಿನಿಂದ ಬಳಿದು ತಿನ್ನುತ್ತಾಳೆ ಎಂದು ಒಂದು ಸಾಲು ಬರೆದರೆ ಸಾಕು, ಬರ ಕಥೆಯೊಳಗೆ ಬಂದಾಯಿತು.

ಊರಿನ ಬಗ್ಗೆಯೂ ಹೀಗೆಯೇ. 'ಕೋಟೆಯ ಬಾಗಿಲು ಮುಚ್ಚಿತು' ಎಂದು ಬರೆಯುವ ಮುಂಚೆ ಕೋಟೆಗೋಡೆ ಇತ್ತೇ ಎಂದು ನೋಡಿ. ಕವೆಂಟ್ರಿಯ ಗೋಡೆ ಕಟ್ಟಲು ಶುರುವಾದದ್ದು 1350ರ ದಶಕದಲ್ಲಿ. 1323ರ ಡಿಸೆಂಬರ್ ರಾತ್ರಿ ಕೊಲೆಗಾರ ಯಾವ ಹೊಲದ ಬದುವಿನ ಮೇಲಾದರೂ ನಡೆದು ಹೋಗಬಹುದಿತ್ತು. ಇನ್ನೂ ಒಂದು ವಿಷಯ. 1285ರ ವಿಂಚೆಸ್ಟರ್ ಶಾಸನದ ಪ್ರಕಾರ ಊರಿನ ರಾತ್ರಿ ಕಾವಲು ಬೇಸಿಗೆಯ ತಿಂಗಳುಗಳಿಗೆ, ಸೆಪ್ಟೆಂಬರ್ 29ರ ಮೈಕಲ್ ಹಬ್ಬದ ತನಕ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು, ಬೆಳಿಗ್ಗೆ ಎಂಟಾದರೂ ಸರಿಯಾದ ಬೆಳಕಿಲ್ಲ. ಕೊಲೆಗಾರನಿಗೆ ಹದಿನಾರು ಗಂಟೆಯ ರಾತ್ರಿ ಸಿಕ್ಕಿತು. ತಾರೀಕು ಸರಿಯಾಗಿ ಹಿಡಿದರೆ ಕಥೆಯ ಅರ್ಧ ಕೆಲಸವನ್ನು ಅದೇ ಮಾಡಿಕೊಡುತ್ತದೆ.

ಹಂತ 2: ಹೆಣ ಸಿಕ್ಕಾಗ ಯಾರು ಬರುತ್ತಾರೆ?

ಹೆಚ್ಚಿನವರು ಎಡವುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ಓದಿ.

ಆಗ ಪೊಲೀಸರು ಇರಲಿಲ್ಲ. ಹೆಣವನ್ನು ಮೊದಲು ಕಂಡವನು ಕೂಗೆಬ್ಬಿಸಬೇಕು. ಕೂಗು ಕೇಳಿದವರೆಲ್ಲ ಕೈಗೆ ಸಿಕ್ಕಿದ್ದನ್ನು ಹಿಡಿದು ಓಡಿ ಬರಬೇಕು. ಬರದಿದ್ದರೆ ದಂಡ. ಆಮೇಲೆ ಸಾವಿನ ವಿಚಾರಣೆ ಮಾಡುವ ರಾಜನ ಅಧಿಕಾರಿ, ಅಂದರೆ ಕೊರೋನರನಿಗೆ ಹೇಳಿಕಳಿಸಬೇಕು. ಅವನು ಬಂದು ನೋಡುವ ತನಕ ಹೆಣವನ್ನು ಹೂಳುವಂತಿಲ್ಲ, ಕದಲಿಸುವಂತಿಲ್ಲ. ಹಾಗೆ ಮಾಡಿದರೆ ಇಡೀ ಊರಿಗೆ ದಂಡ.

ಕೊರೋನರ್ ಹುದ್ದೆ ಶುರುವಾದದ್ದು 1194ರಲ್ಲಿ. ನ್ಯಾಯ ಕೊಡಿಸುವುದಕ್ಕಿಂತ ರಾಜನಿಗೆ ಬರಬೇಕಾದ ದುಡ್ಡು ತಪ್ಪದಂತೆ ನೋಡಿಕೊಳ್ಳುವುದೇ ಅವನ ಮುಖ್ಯ ಕೆಲಸ. ಕೊಲೆಗಾರನ ಆಸ್ತಿ ರಾಜನಿಗೆ. ಸಾವಿಗೆ ಕಾರಣವಾದ ವಸ್ತುವೂ ರಾಜನಿಗೆ, ಚೂರಿಯಾಗಲಿ, ಗಾಡಿಯಾಗಲಿ. ಅದಕ್ಕೇ ದಾಖಲೆಗಳಲ್ಲಿ ಚೂರಿಯ ಬೆಲೆಯನ್ನೂ ಬರೆಯುತ್ತಿದ್ದರು.

ಅವನು ಬಂದ ಮೇಲೆ ನಡೆಯುವುದು ನಮ್ಮ ಪಂಚನಾಮೆಯ ಹಾಗೆಯೇ ಇರುತ್ತದೆ. ಹೆಣದ ಬಟ್ಟೆ ಬಿಚ್ಚಿ ಎಲ್ಲರೆದುರು ನೋಡುತ್ತಾರೆ. ಗಾಯದ ಉದ್ದ, ಅಗಲ, ಆಳ ಅಳೆದು ಗುಮಾಸ್ತ ಲ್ಯಾಟಿನ್ನಿನಲ್ಲಿ ಬರೆದುಕೊಳ್ಳುತ್ತಾನೆ. ಸುತ್ತಲಿನ ನಾಲ್ಕು ಊರಿನವರನ್ನೂ ಹನ್ನೆರಡು ಜನ ಜ್ಯೂರಿಗಳನ್ನೂ ಕರೆಸಿ ಪ್ರಮಾಣ ಮಾಡಿಸುತ್ತಾರೆ. ಈ ಜ್ಯೂರಿಗಳನ್ನು ಈಗಿನವರ ಹಾಗೆ ಬರೆಯಬೇಡಿ. 'ನನಗೇನೂ ಗೊತ್ತಿಲ್ಲ, ಸಾಕ್ಷಿ ಕೇಳಿ ಹೇಳುತ್ತೇನೆ' ಎನ್ನುವವರು ಅವರಲ್ಲ. ಊರಿನ ಸುದ್ದಿ ಗೊತ್ತಿದೆ ಎಂಬ ಕಾರಣಕ್ಕೇ ಅವರನ್ನು ಕರೆಸುತ್ತಿದ್ದರು. ಹಾಗಾಗಿ ಗಾಳಿಮಾತಿಗೂ ತೂಕ. ಕೊಲೆಗಾರ ಮೂರು ಜನರ ಕಿವಿಯಲ್ಲಿ ಒಂದು ಹೆಸರು ಪಿಸುಗುಟ್ಟಿದರೆ ಅದು ಜ್ಯೂರಿಯ ಬಾಯಿಂದಲೇ ಹೊರಬರಬಹುದು.

ಈ ಕಾನೂನುಗಳಿಂದಲೇ ಕಥೆಯ ತಿರುವು ಹುಟ್ಟುತ್ತದೆ. ಮೂರು ದಾರಿ ಹೇಳುತ್ತೇನೆ.

ದಂಡದ ಭಯಕ್ಕೆ ಊರಿನವರೇ ಹೆಣವನ್ನು ಪಕ್ಕದ ಊರಿನ ಗಡಿಗೆ ಎಳೆದು ಹಾಕಬಹುದು. ಅವರು ಕೊಲೆಗಾರರಲ್ಲ, ಆದರೂ ಸುಳ್ಳು ಹೇಳುತ್ತಾರೆ. ಸತ್ತವನು ಇಂಗ್ಲಿಷಿನವನು ಎಂದು ತೋರಿಸಲಾಗದಿದ್ದರೆ ಆ ಸೀಮೆಗೇ ಇನ್ನೊಂದು ದಂಡ ಬೀಳುತ್ತಿತ್ತು. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ನರನ್ನು ಕಾಪಾಡಲು ಆಮೇಲೆ ತಂದ ಈ ನಿಯಮ 1340ರವರೆಗೂ ಉಳಿದಿತ್ತು. ಗುರುತು ಸಿಗದ ಹೆಣವೆಂದರೆ ಊರಿಗೆ ಊರೇ ಬೆವರುತ್ತದೆ.

ಎರಡನೆಯದು ಚರ್ಚಿನ ಆಶ್ರಯ. ಅಪರಾಧಿ ಚರ್ಚಿಗೆ ಓಡಿಹೋದರೆ 40 ದಿನ ಯಾರೂ ಮುಟ್ಟುವಂತಿಲ್ಲ. ಅಷ್ಟರಲ್ಲಿ ಕೊರೋನರನ ಮುಂದೆ ತಪ್ಪೊಪ್ಪಿಕೊಂಡು ದೇಶ ಬಿಡುವ ಪ್ರಮಾಣ ಮಾಡಿದರೆ ಜೀವ ಉಳಿಯಿತು. ಕೈಯಲ್ಲಿ ಶಿಲುಬೆ ಹಿಡಿದು, ಹೇಳಿದ ಬಂದರಿಗೆ ನಡೆದು, ಹಡಗು ಹತ್ತಬೇಕು. ಹೆದ್ದಾರಿ ಬಿಟ್ಟರೆ ತಲೆ ಹೋಗುತ್ತದೆ. ಕವೆಂಟ್ರಿಯಿಂದ ಸಮುದ್ರ ಬಲು ದೂರ. ಆ ನಡಿಗೆಯಲ್ಲಿ ಅವನ ಬಾಯಿ ಮುಚ್ಚಿಸಲು ಯಾರು ಹಿಂದೆ ಬರುತ್ತಾರೆ? ಅದೇ ಒಂದು ಅಧ್ಯಾಯ.

ಮೂರನೆಯದು ಮಾಫಿ ಸಾಕ್ಷಿ. ರಾಬರ್ಟ್ ಮಾರ್ಷಲ್ ಆದದ್ದು ಇದೇ. ಆದರೆ ಆಗಿನ ನಿಯಮ ಕಠಿಣ. ತಾನು ಹೆಸರಿಸಿದವರ ಮೇಲೆ ಅಪರಾಧ ಸಾಬೀತಾಗದಿದ್ದರೆ ಮಾಫಿ ಸಾಕ್ಷಿಗೇ ನೇಣು. ಹಾಗಾಗಿ ಅವನು ಹೇಳುವ ಪ್ರತಿ ಮಾತಿನ ಹಿಂದೆ ಹಗ್ಗ ನೇತಾಡುತ್ತಿರುತ್ತದೆ. ಅವನ ಮಾತನ್ನು ಎಷ್ಟು ನಂಬುವುದು? ಕವೆಂಟ್ರಿಯ ಪ್ರಕರಣದಲ್ಲಿ ಮಾಟಗಾರ ಜಾನ್ ವಿಚಾರಣೆಗೆ ಮುಂಚೆಯೇ ಸೆರೆಯಲ್ಲಿ ಸತ್ತ. ಆರೋಪ ಹೊತ್ತ ನಾಗರಿಕರು ಬಿಡುಗಡೆಯಾದರು.

*ಎಚ್ಚರಿಕೆ:* ನಿಮ್ಮ ಪತ್ತೆದಾರ 'ಬೆರಳಚ್ಚು', 'ವಿಷದ ಪರೀಕ್ಷೆ' ಕಡೆಗೆ ಜಾರುತ್ತಿದ್ದರೆ ನಿಲ್ಲಿಸಿ. ಹೆಣದಲ್ಲಿ ಪಾಷಾಣವನ್ನು ರಾಸಾಯನಿಕವಾಗಿ ಹಿಡಿಯುವ ಒಳ್ಳೆಯ ವಿಧಾನ ಬಂದದ್ದು 1836ರಲ್ಲಿ. ಹಾಗೆಯೇ ಕಾದ ಕಬ್ಬಿಣ ಹಿಡಿಸುವ ಸತ್ಯಪರೀಕ್ಷೆಯನ್ನು 1324ಕ್ಕೆ ತರಬೇಡಿ. 1215ರಲ್ಲಿ ಚರ್ಚು ಪಾದ್ರಿಗಳನ್ನು ಅದರಿಂದ ದೂರವಿಟ್ಟ ಮೇಲೆ ಇಂಗ್ಲೆಂಡಿನಲ್ಲಿ ಅದು ನಿಂತುಹೋಯಿತು.

ಹಂತ 3: ಕೊಲೆಯನ್ನು ಕೈಯಿಂದಲೇ ಮಾಡಿಸಿ

ಈಗ ಮೂರು ಪುಟ ಬರೆಯಿರಿ. ಇವು ಕಾದಂಬರಿಗೆ ಹೋಗುವುದಿಲ್ಲ. ಕೊಲೆಗಾರ ಅವತ್ತು ಬೆಳಿಗ್ಗೆ ಎದ್ದದ್ದರಿಂದ ರಾತ್ರಿ ಮಲಗುವ ತನಕ ಏನೇನು ಮಾಡಿದ ಎಂದು ಅವನ ಬಾಯಲ್ಲೇ ಬರೆಯಿರಿ. ಮಾಟ ಅಲ್ಲಿ ಎಲ್ಲೂ ಕೆಲಸ ಮಾಡಬಾರದು. ಕೈ, ಕಾಲು, ಚೂರಿ, ವಿಷ, ಬೀಗ, ಮೆಟ್ಟಿಲು. ಇಷ್ಟೇ.

ಒಂದು ಉದಾಹರಣೆ ಕಟ್ಟೋಣ. ಮಠದ ಬಾಡಿಗೆ ಲೆಕ್ಕ ಬರೆಯುವ ಗುಮಾಸ್ತ ಸತ್ತಿದ್ದಾನೆ. ಕೊಲೆಗಾರ ಬಳಸಿದ್ದು ನಮ್ಮ ವತ್ಸನಾಭಿಯ ಕುಲಕ್ಕೇ ಸೇರಿದ ಗಿಡ. ನೀಲಿ ಹೂ ಬಿಡುವ ಈ ಗಿಡ ಇಂಗ್ಲೆಂಡಿನಲ್ಲೂ ಬೆಳೆಯುತ್ತದೆ. ನೋವಿಗೆ ಹಚ್ಚುವ ಎಣ್ಣೆಯಾಗಿ ಮಠದ ಔಷಧಿ ಕೋಣೆಯಲ್ಲಿ ಇತ್ತು ಎಂದು ಇಟ್ಟುಕೊಳ್ಳಿ. ಹೊಟ್ಟೆಗೆ ಹೋದರೆ ನಾಲಿಗೆ ಜುಮ್ಮೆಂದು ಮರಗಟ್ಟುತ್ತದೆ, ಆಮೇಲೆ ಎದೆಬಡಿತ ತಪ್ಪುತ್ತದೆ. ಗುಮಾಸ್ತ ಸಾಯುವ ಮುಂಚೆ 'ತುಟಿ ನನ್ನದಲ್ಲ ಅನ್ನಿಸುತ್ತಿದೆ' ಎಂದು ಅಡುಗೆ ಹುಡುಗನಿಗೆ ಹೇಳಿದ್ದ. ಎಲ್ಲರೂ ಅದನ್ನು ಮಾಟ ಹಿಡಿದವನ ಮಾತು ಎಂದುಕೊಂಡರು. ಮೊದಲ ಸುಳಿವೇ ಅದು. ಓದುಗನ ಕಣ್ಣೆದುರೇ ಇದೆ, ಆದರೆ ಮಾಟದ ಬಟ್ಟೆ ಹೊದ್ದುಕೊಂಡಿದೆ.

*ಸಾಮಾನ್ಯ ತಪ್ಪು:* ಕೊಲೆಗಾರ ಯಾರು ಎಂದು ತೀರ್ಮಾನಿಸದೆ ಬರೆಯಲು ಕೂರುವುದು. 'ಬರೆಯುತ್ತಾ ಹೊಳೆಯುತ್ತದೆ' ಎನ್ನುವವರನ್ನು ನಾನು ಬಹಳ ನೋಡಿದ್ದೇನೆ. ಬೇರೆ ಬಗೆಯ ಕಾದಂಬರಿಗೆ ಅದು ನಡೆಯಬಹುದು. ಇದಕ್ಕೆ ನಡೆಯುವುದಿಲ್ಲ.

ಹಂತ 4: ಅರಮನೆಯನ್ನು ಬೀದಿಗೆ ಇಳಿಸಿ

ರಾಜಕೀಯ ಎಂದ ಕೂಡಲೇ ಸಿಂಹಾಸನದ ಸುತ್ತ ಪಿಸುಮಾತು ಬರೆಯಲು ಹೋಗಬೇಡಿ. ಅರಮನೆಯ ಜಗಳ ನಿಮ್ಮ ಬೀದಿಗೆ ಯಾವ ರೂಪದಲ್ಲಿ ಬಂತು ಎಂದು ಕೇಳಿಕೊಳ್ಳಿ. ತೆರಿಗೆಯೇ? ಸಂತೆಯ ಸುಂಕವೇ? ಬಾಡಿಗೆಯೇ?

ಕವೆಂಟ್ರಿಯ ಏಣಿ ಹೀಗಿದೆ ನೋಡಿ. ಊರಿನ ಒಂದು ಭಾಗ ಮಠದ ಹಿಡಿತದಲ್ಲಿತ್ತು. ಪ್ರಯರನ ವಸೂಲಿ ಜನರಿಗೆ ತಡೆಯಲಾಗಲಿಲ್ಲ. ಪ್ರಯರನ ಬೆನ್ನಿಗೆ ಡಿಸ್ಪೆನ್ಸರರು. ಡಿಸ್ಪೆನ್ಸರರ ಬೆನ್ನಿಗೆ ರಾಜ. ಅದಕ್ಕೇ ವಸೂಲಿಗೆ ರೋಸಿಹೋದ ಊರಿನವರ ಕೈಗೆ ರಾಜನ ಮೇಣದ ಗೊಂಬೆ ಬಂತು. ಕೆಳಗಿನ ಮೆಟ್ಟಿಲಿನಿಂದ ಮೇಲಕ್ಕೆ ಹೋಗುವ ಇಂಥ ಏಣಿ ನಿಮ್ಮ ಕಥೆಯಲ್ಲೂ ಇರಬೇಕು. ನಾಲ್ಕು ಮೆಟ್ಟಿಲಿಗಿಂತ ಜಾಸ್ತಿ ಬೇಡ, ಓದುಗ ಕಳೆದುಹೋಗುತ್ತಾನೆ.

ಆ ಕಾಲದ ಮೇಲ್ಗಡೆಯ ಘಟನೆಗಳು ನಿಮ್ಮ ಗಡಿಯಾರ. 1322ರ ಮಾರ್ಚಿನಲ್ಲಿ ರಾಜ ತನ್ನ ದಾಯಾದಿ ಲಂಕಾಸ್ಟರಿನ ಥಾಮಸನ ತಲೆ ತೆಗೆಸಿದ್ದ. 1323ರ ಆಗಸ್ಟ್ 1ರಂದು ರಾಜನ ವಿರುದ್ಧ ನಿಂತಿದ್ದ ಸಾಮಂತ ರೋಜರ್ ಮಾರ್ಟಿಮರ್ ಲಂಡನ್ ಟವರಿನ ಸೆರೆಯಿಂದ ತಪ್ಪಿಸಿಕೊಂಡ. ಕಾವಲುಗಾರರ ಮದ್ಯಕ್ಕೆ ಮತ್ತಿನ ಮದ್ದು ಬೆರೆಸಿದ್ದರು. ಕವೆಂಟ್ರಿಯ ಸಂಚು ಶುರುವಾದದ್ದು ಇದಾದ ನಾಲ್ಕೇ ತಿಂಗಳಿಗೆ. ಅವತ್ತು ಇಡೀ ದೇಶದಲ್ಲಿ 'ಮದ್ದು' ಎಂಬ ಮಾತಿಗೆ ಎಂಥ ನಡುಕ ಇದ್ದಿರಬೇಕು! 1325ರಲ್ಲಿ ರಾಣಿ ಇಸಾಬೆಲ್ಲಾ ಫ್ರಾನ್ಸಿಗೆ ಹೋದಳು. ಮುಂದಿನ ವರ್ಷ ಮಾರ್ಟಿಮರನ ಜೊತೆ ಸೈನ್ಯ ತಂದಳು. 1327ರ ಜನವರಿಯಲ್ಲಿ ಎಡ್ವರ್ಡ್ ಸಿಂಹಾಸನ ಬಿಟ್ಟುಕೊಟ್ಟ. ಆಗ ಅವನು ಸೆರೆಯಲ್ಲಿದ್ದದ್ದು ಕೆನಿಲ್‌ವರ್ತ್ ಕೋಟೆಯಲ್ಲಿ, ಕವೆಂಟ್ರಿಯಿಂದ ಎರಡು ಗಂಟೆ ನಡೆದರೆ ಸಿಗುವ ಜಾಗ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತೇವಲ್ಲ, ಇಲ್ಲಿ ಬಡವಾದದ್ದು ಊರುಗಳು.

ರಾಜಕೀಯ ಕೊಲೆಗಾರನಿಗೆ ಕೊಡಬೇಕಾದದ್ದು ಒಂದೇ, ಅವಸರ. ಅವನು ಆ ಗುಮಾಸ್ತನನ್ನು ಮುಂದಿನ ವರ್ಷ ಯಾಕೆ ಕೊಲ್ಲಲಿಲ್ಲ, ಇವತ್ತೇ ಯಾಕೆ? ರಾಜನ ಲೆಕ್ಕ ತನಿಖೆಯವರು ಸೋಮವಾರ ಬರುತ್ತಾರೆ, ಗುಮಾಸ್ತನ ಹತ್ತಿರ ಎರಡನೇ ಲೆಕ್ಕದ ಸುರುಳಿ ಇದೆ. ಇಷ್ಟಿದ್ದರೆ ಸಾಕು.

ದುಡ್ಡಿನ ಬಗ್ಗೆ ಒಂದು ಮಾತು. ಲಂಚ ಎಂದರೆ 'ಚಿನ್ನದ ನಾಣ್ಯದ ಚೀಲ' ಎಂದು ಬರೆಯುವವರು ಬಹಳ. 1324ರಲ್ಲಿ ಇಂಗ್ಲೆಂಡಿನಲ್ಲಿ ಕೈಯಿಂದ ಕೈಗೆ ಓಡಾಡುತ್ತಿದ್ದದ್ದು ಬೆಳ್ಳಿಯ ಪೆನ್ನಿ. ಮಾಟಗಾರ ಜಾನ್‌ಗೆ ಮಾತಾದ ಸಂಬಳ 20 ಪೌಂಡ್. ಅಂದರೆ 4,800 ಪೆನ್ನಿ. ದಿನಕ್ಕೆ 2 ಪೆನ್ನಿ ಕೂಲಿ ಎಂದರೆ 2,400 ದಿನದ ದುಡಿಮೆ. ತೂಕ ಸುಮಾರು 7 ಕಿಲೋ. ಅದನ್ನು ಅಂಗಿಯ ತೋಳಿನ ಒಳಗೆ ಮುಚ್ಚಿಟ್ಟುಕೊಳ್ಳಲು ಆಗುತ್ತದೆಯೇ? ಹೊತ್ತವನ ಹೆಗಲು ವಾಲುತ್ತದೆ, ಹೆಜ್ಜೆಗೊಮ್ಮೆ ಸದ್ದಾಗುತ್ತದೆ. ನೋಡಿ, ಒಂದು ಸುಳಿವು ತಾನಾಗಿಯೇ ಸಿಕ್ಕಿತು.

ಹಂತ 5: ಮಾಟಕ್ಕೆ ಬೇಲಿ ಹಾಕಿ

ಈಗ ಮಾಟ. ಮೊದಲು ಒಂದು ದೊಡ್ಡ ತಪ್ಪನ್ನು ತೆಗೆದುಹಾಕೋಣ. ಪೊರಕೆಯ ಮೇಲೆ ಹಾರುವ ಮಾಟಗಾತಿ, ಊರೂರಲ್ಲಿ ಮಾಟಗಾತಿಯರನ್ನು ಸುಡುವುದು, ಇವು 1324ರ ಇಂಗ್ಲೆಂಡಿನ ಚಿತ್ರಗಳಲ್ಲ. ಮಾಟದ ವಿರುದ್ಧ ಇಂಗ್ಲೆಂಡಿನ ಮೊದಲ ಶಾಸನ ಬಂದದ್ದು 1542ರಲ್ಲಿ. ಆಮೇಲಿನ ಕಾಲದಲ್ಲೂ ಅಲ್ಲಿ ಮಾಟದ ಅಪರಾಧಕ್ಕೆ ಸಾಮಾನ್ಯವಾಗಿ ಕೊಡುತ್ತಿದ್ದದ್ದು ನೇಣು.

ನಿಮ್ಮ ಕಾಲದಲ್ಲಿ ಇದ್ದದ್ದು ಬೇರೆ. ಹಳ್ಳಿಯಲ್ಲಿ ಹಲ್ಲುನೋವಿಗೆ, ಕಳೆದ ಹಸುವಿಗೆ ಮಂತ್ರ ಹಾಕುವವರು. ನಕ್ಷತ್ರ ನೋಡಿ ಸಾವಿನ ದಿನ ಹೇಳುವ ಪಂಡಿತರು. ಇವೆರಡಕ್ಕಿಂತ ಭಯ ಹುಟ್ಟಿಸುತ್ತಿದ್ದವರು ಮೂರನೆಯವರು, ಲ್ಯಾಟಿನ್ ಬಲ್ಲ ಗಂಡಸರು. ವೃತ್ತ ಬರೆದು, ದೇವರ ಹೆಸರುಗಳನ್ನೇ ಹಿಡಿದು ಪಿಶಾಚಿಯನ್ನು ಕರೆಯುವವರು. ಪುಸ್ತಕ ಓದಲು ಬರಬೇಕಾದ್ದರಿಂದ ಇವರಲ್ಲಿ ಬಹಳ ಜನ ಚರ್ಚಿನ ನೆರಳಿನಲ್ಲಿ ಬೆಳೆದವರೇ. ಮಠದೊಳಗೆ ಕಥೆ ಇಡುವವರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಇಲ್ಲ.

ಮಾಟ ಆ ಕಾಲದಲ್ಲಿ ಆರೋಪದ ಆಯುಧವೂ ಆಗಿತ್ತು. 1441ರಲ್ಲಿ ಗ್ಲಾಸ್ಟರಿನ ಡಚೆಸ್ ಎಲೀನರ್ ಕಾಬಮ್ ಸಿಕ್ಕಿಬಿದ್ದದ್ದು ಹೀಗೆ. ಅವಳ ಗಂಡ ಸಿಂಹಾಸನಕ್ಕೆ ಮುಂದಿನ ವಾರಸುದಾರ. ರಾಜ ಆರನೇ ಹೆನ್ರಿಯ ಸಾವಿನ ಬಗ್ಗೆ ಜ್ಯೋತಿಷ್ಯ ಕೇಳಿದ್ದಾಳೆ, ಮೇಣದ ಗೊಂಬೆ ಮಾಡಿಸಿದ್ದಾಳೆ ಎಂದು ಆರೋಪ ಬಂತು. ಗೊಂಬೆ ಮಕ್ಕಳಾಗಲಿ ಎಂದು ಮಾಡಿಸಿದ್ದು ಎಂದಳು ಅವಳು. ಮಾರ್ಜರಿ ಜೋರ್ಡೆಮೇನ್ ಎಂಬವಳನ್ನು ಲಂಡನ್ನಿನ ಸ್ಮಿತ್‌ಫೀಲ್ಡ್‌ನಲ್ಲಿ ಸುಟ್ಟರು. ಪಂಡಿತ ರೋಜರ್ ಬೋಲಿಂಗ್‌ಬ್ರೋಕ್‌ನನ್ನು ನೇಣಿಗೆ ಹಾಕಿ ತುಂಡರಿಸಿದರು. ಡಚೆಸ್ ಮೂರು ದಿನ ಕೈಯಲ್ಲಿ ಮೇಣದಬತ್ತಿ ಹಿಡಿದು ಲಂಡನ್ನಿನ ಬೀದಿಗಳಲ್ಲಿ ನಡೆದು ಪ್ರಾಯಶ್ಚಿತ್ತ ಮಾಡಬೇಕಾಯಿತು. ಆಮೇಲೆ ಸಾಯುವ ತನಕ ಸೆರೆ. ಅವಳ ಗಂಡನ ವಿರೋಧಿಗಳಿಗೆ ಇದರಿಂದ ಆದ ಲಾಭ ಎಲ್ಲರಿಗೂ ಕಂಡಿತ್ತು.

ಇನ್ನು ಬೇಲಿ ಹಾಕುವ ಕೆಲಸ. ನೋಟ್‌ಬುಕ್ಕಿನಲ್ಲಿ ಇವನ್ನು ಬರೆಯಿರಿ.

ಒಂದು, ನಿಮ್ಮ ಕಾದಂಬರಿಯಲ್ಲಿ ಮಾಟ ನಿಜವೋ, ಸುಳ್ಳೋ, ಕೊನೆಯವರೆಗೂ ತೀರ್ಮಾನವಾಗದ್ದೋ? ನೀವು ತೀರ್ಮಾನಿಸಿ. ಪಾತ್ರಗಳಿಗೆ ಗೊತ್ತಾಗಬೇಕಿಲ್ಲ. ನನಗೆ ಮೂರನೆಯದು ಇಷ್ಟ. ರಿಚರ್ಡ್ ಡಿ ಸೋ ಪ್ರಕರಣವೂ ಹಾಗೆಯೇ ಇದೆ. ಗೊಂಬೆಯ ಹಣೆಗೆ ಸೀಸದ ಮುಳ್ಳು ಚುಚ್ಚಿದರು, ಬೆಳಿಗ್ಗೆ ಅವನು ಹುಚ್ಚನಂತೆ ಕಿರುಚುತ್ತಿದ್ದ. ವಾರಗಳ ನಂತರ ಮುಳ್ಳನ್ನು ಕಿತ್ತು ಎದೆಗೆ ಚುಚ್ಚಿದರು, ಮೂರೇ ದಿನದಲ್ಲಿ ಸತ್ತ. ಹೀಗೆಂದು ಹೇಳಿದವನು ಮಾಫಿ ಸಾಕ್ಷಿ, ಕೊರಳಿಗೆ ಹಗ್ಗ ಬೀಳದಿರಲಿ ಎಂದು ಮಾತಾಡುತ್ತಿದ್ದವನು.

ಎರಡು, ಮಾಟಕ್ಕೆ ಬೆಲೆ ಇರಬೇಕು. ಕವೆಂಟ್ರಿಯಲ್ಲಿ ಏಳು ಪೌಂಡ್ ಮೇಣ ಬೇಕಾಯಿತು, ಅಂದರೆ ಮೂರು ಕಿಲೋ. ಊರ ಹೊರಗಿನ ಹಳೇ ಮನೆ ಬೇಕಾಯಿತು. ಐದು ತಿಂಗಳು ಹಿಡಿಯಿತು. ಚಿಟಿಕೆ ಹೊಡೆದರೆ ಆಗುವ ಮಾಟದಲ್ಲಿ ಭಯವಿಲ್ಲ.

ಮೂರು, ಮಾಟ ಪ್ರಶ್ನೆ ಹುಟ್ಟಿಸಬಹುದು, ಉತ್ತರ ಕೊಡಕೂಡದು. ಮಾಟ ನಿಜ ಎಂದು ತೀರ್ಮಾನಿಸಿದರೂ ಕೊಲೆಗಾರ ಯಾರು ಎಂದು ಹೇಳುವ ಶಕ್ತಿ ಅದಕ್ಕೆ ಬೇಡ. ಇದೊಂದನ್ನು ಮುರಿದರೆ ಉಳಿದದ್ದನ್ನೆಲ್ಲ ಸರಿಯಾಗಿ ಮಾಡಿದ್ದೂ ದಂಡ.

ಒಂದು ನಂಬಿಕೆಯನ್ನು ಮರೆಯಬೇಡಿ. ಕೊಲೆಗಾರ ಹತ್ತಿರ ಬಂದರೆ ಹೆಣದ ಗಾಯದಿಂದ ರಕ್ತ ಒಸರುತ್ತದೆ ಎಂದು ಜನ ನಂಬಿದ್ದರು. ಎಲ್ಲರೂ ಸಾಲಾಗಿ ಬಂದು ಹೆಣ ಮುಟ್ಟುವ ದೃಶ್ಯ ಬರೆಯಿರಿ. ರಕ್ತ ಬರಬೇಕಿಲ್ಲ. ಯಾರ ಕೈ ನಡುಗಿತು, ಯಾರು ಕೈಗವಸು ತೆಗೆಯಲಿಲ್ಲ ಎಂದು ನೋಡಲು ಪತ್ತೆದಾರನಿಗೆ ಅಷ್ಟು ಸಾಕು.

ಹಂತ 6: ಸುಳಿವುಗಳನ್ನು ಕಣ್ಣೆದುರೇ ಇಡಿ

ಐದು ಸುಳಿವು ಸಾಕು. ಪ್ರತಿಯೊಂದೂ ಎರಡು ಸಲ ಬರಬೇಕು. ಮೊದಲ ಸಲ ಬೇರೆ ಯಾವುದೋ ಕಾರಣಕ್ಕೆ, ಎರಡನೇ ಸಲ ನಿಜವಾದ ಅರ್ಥದಲ್ಲಿ. ಎರಡರ ನಡುವೆ ಕನಿಷ್ಠ ನಲವತ್ತು ಪುಟ.

ಗುಮಾಸ್ತನ ಹಾಸಿಗೆ ಕೆಳಗೆ ಗೊಂಬೆ ಸಿಗುವ ದೃಶ್ಯವನ್ನು ಒಬ್ಬರು ಹೀಗೆ ಬರೆದಿದ್ದರು: 'ಗೊಂಬೆಯನ್ನು ಕಂಡೊಡನೆ ಅವನ ಬೆನ್ನುಹುರಿಯಲ್ಲಿ ಚಳಿ ಹರಿಯಿತು. ಇದು ಕರಾಳ ಮಾಟ ಎಂದು ಅವನಿಗೆ ತಿಳಿಯಿತು.' ಇದರಲ್ಲಿ ನೋಡಲು ಏನೂ ಇಲ್ಲ. ನಾವು ಕೂತು ತಿದ್ದಿದ ಮೇಲೆ ಹೀಗಾಯಿತು:

'ಗೊಂಬೆ ಅಂಗೈ ಉದ್ದ ಇತ್ತು. ಎದೆಗೆ ಚುಚ್ಚಿದ ಮೊಳೆಯ ಸುತ್ತ ಬಿರುಕು ಬಿಟ್ಟಿತ್ತು. ಬ್ರದರ್ ಶಿಲುಬೆಯ ಗುರುತು ಮಾಡಿಕೊಂಡು ಹಿಂದೆ ಸರಿದರು. ಬೆಕ್ಕು ಮಾತ್ರ ಮುಂದೆ ಬಂತು. ಮೂಸಿತು, ನೆಕ್ಕತೊಡಗಿತು. ಯಾರೋ ಅದನ್ನು ಒದ್ದು ಓಡಿಸಿದರು.'

ಓದುಗ ಬೆಕ್ಕನ್ನು ನೋಡಿ ಮುಂದೆ ಹೋಗುತ್ತಾನೆ. ಎಪ್ಪತ್ತು ಪುಟ ಆದ ಮೇಲೆ ಪತ್ತೆದಾರನಿಗೆ ಹೊಳೆಯುತ್ತದೆ. ಜೇನುಮೇಣವನ್ನು ಬೆಕ್ಕು ಯಾಕೆ ನೆಕ್ಕುತ್ತದೆ? ಆ ಗೊಂಬೆ ಕುರಿಕೊಬ್ಬಿನದು. ಬಡವರ ದೀಪಕ್ಕೆ ಬಳಸುವ ಕೊಬ್ಬು. ಮಾಟ ಬಲ್ಲವನು ಕೊಬ್ಬಿನಲ್ಲಿ ಗೊಂಬೆ ಮಾಡುವುದಿಲ್ಲ. ಅಂದರೆ ಮಾಟದ ಬಗ್ಗೆ ಬರೀ ಕೇಳಿ ಗೊತ್ತಿದ್ದ, ಜೇನುಮೇಣ ಕೈಗೆ ಸಿಗದ ಯಾರೋ ಅವಸರದಲ್ಲಿ ಮಾಡಿ ಇಟ್ಟದ್ದು. ಚರ್ಚಿನ ಮೇಣದ ಬೀಗದಕೈ ಇದ್ದ ಮಠದವರೆಲ್ಲ ಒಂದೇ ಏಟಿಗೆ ಅನುಮಾನದಿಂದ ಹೊರಗೆ ಬಂದರು.

ಸುಳಿವಿಗೆ ಬೇಕಾದ ವಸ್ತುಗಳು ಆ ಕಾಲದ ಮನೆಯಲ್ಲೇ ಬೇಕಾದಷ್ಟಿವೆ. ಶುಕ್ರವಾರದ ಕಸದಲ್ಲಿ ಕೋಳಿ ಮೂಳೆ ಸಿಕ್ಕಿತು, ಅವತ್ತು ಯಾರೂ ಮಾಂಸ ತಿನ್ನಬಾರದಿತ್ತು. ಪುಸ್ತಕಕ್ಕೆ ಹಳದಿ ಬಣ್ಣ ಹಚ್ಚುವ ಹರಿತಾಳವೂ ವಿಷವೇ. ಬಡವನ ಬಾಯಲ್ಲಿ ಕಾಳುಮೆಣಸಿನ ವಾಸನೆ ಬಂದರೆ ಅವನು ನಿನ್ನೆ ಶ್ರೀಮಂತರ ಮನೆಯಲ್ಲಿ ಉಂಡಿದ್ದಾನೆ, ಯಾಕೆಂದರೆ ಆ ಮೆಣಸು ನಮ್ಮ ಪಶ್ಚಿಮ ಕರಾವಳಿಯ ಕಡೆಯಿಂದ ಅರಬ್ಬರ, ವೆನಿಸ್ಸಿನವರ ಕೈ ದಾಟಿ ಬಂದ ದುಬಾರಿ ಸಾಮಾನು. ಆಲೂಗಡ್ಡೆ, ಟೊಮೆಟೊ, ಮೆಕ್ಕೆಜೋಳ ಮಾತ್ರ ಬೇಡ. ಅವಿನ್ನೂ ಸಮುದ್ರದ ಆಚೆಗಿದ್ದವು.

ಹಂತ 7: ಪತ್ತೆದಾರ ಯಾರು?

ಬಾಗಿಲು ತಟ್ಟಿ ಪ್ರಶ್ನೆ ಕೇಳಲು ಅವನಿಗೆ ಒಂದು ಕಾರಣ ಇರಬೇಕು, ಪೂರ್ತಿ ಅಧಿಕಾರ ಇರಬಾರದು. ನನ್ನ ಆಯ್ಕೆ ಕೊರೋನರನ ಗುಮಾಸ್ತ. ಲ್ಯಾಟಿನ್ ಗೊತ್ತು, ಎಲ್ಲ ಹೆಣ ನೋಡಿರುತ್ತಾನೆ, ಯಾರೂ ಅವನನ್ನು ಲೆಕ್ಕಕ್ಕೆ ಇಟ್ಟಿರುವುದಿಲ್ಲ. ಹೆಣ್ಣು ಪಾತ್ರ ಬೇಕಿದ್ದರೆ ಸತ್ತವನ ವಿಧವೆ. ಗಂಡನ ಕೊಲೆಗೆ ಹೆಂಡತಿ ತಾನೇ ನ್ಯಾಯಾಲಯದಲ್ಲಿ ದೂರು ಹೂಡಬಹುದಿತ್ತು. ಇಂದಿನ ಯೋಚನೆಗಳನ್ನೆಲ್ಲ ತುಂಬಿದ, ದೇವರನ್ನೂ ದೆವ್ವವನ್ನೂ ನಂಬದ ಪತ್ತೆದಾರ ಬೇಡ. ಅವನಿಗೂ ಗೊಂಬೆ ಕಂಡರೆ ಭಯವಾಗಲಿ. ಭಯಪಟ್ಟುಕೊಂಡೇ ಅದನ್ನು ಮೂಸಿ ನೋಡಲಿ.

ಹಂತ 8: ಕನ್ನಡ ಸರಿಮಾಡಿಕೊಳ್ಳಿ

ಆ ಇಂಗ್ಲೆಂಡಿನಲ್ಲಿ ಮೂರು ಭಾಷೆ ಓಡಾಡುತ್ತಿದ್ದವು. ದೊಡ್ಡವರಿಗೆ ಫ್ರೆಂಚ್, ದಾಖಲೆಗೆ ಲ್ಯಾಟಿನ್, ಬೀದಿಗೆ ಇಂಗ್ಲಿಷ್. ಇದನ್ನು ಕನ್ನಡದಲ್ಲಿ ತೋರಿಸಲು ಹಳ್ಳಿಯವರ ಬಾಯಿಗೆ ಮಂಡ್ಯದ್ದೋ ಧಾರವಾಡದ್ದೋ ಮಾತು ಹಾಕಿದರೆ ಓದುಗ ನೇರ ಮಂಡ್ಯಕ್ಕೇ ಹೋಗಿಬಿಡುತ್ತಾನೆ. ಬದಲಿಗೆ ನಮ್ಮಲ್ಲಿರುವ ನೀನು, ನೀವು, ತಾವು ಬಳಸಿ. ಜಿಲ್ಲೆಯ ರಾಜಾಧಿಕಾರಿಯಾದ ಷೆರಿಫ್ ಗುಮಾಸ್ತನಿಗೆ 'ನೀನು' ಎನ್ನುತ್ತಾನೆ, ಗುಮಾಸ್ತ 'ತಾವು' ಎನ್ನುತ್ತಾನೆ. ಮುನ್ನೂರನೇ ಪುಟದಲ್ಲಿ, ಸತ್ಯ ಗೊತ್ತಾದ ಮೇಲೆ, ಗುಮಾಸ್ತ ಮೊದಲ ಸಲ 'ನೀವು' ಎಂದು ಇಳಿದರೆ ಅದೊಂದೇ ಪದಕ್ಕೆ ಕೋಣೆ ಸ್ತಬ್ಧವಾಗುತ್ತದೆ. ಈ ಅನುಕೂಲ ಈಗಿನ ಇಂಗ್ಲಿಷಿನಲ್ಲಿ ಬರೆಯುವವರಿಗೆ ಇಲ್ಲ.

'ಮಹಾಪ್ರಭು, ಅಪ್ಪಣೆಯಾಗಲಿ' ಎಂಬ ಕಂಪನಿ ನಾಟಕದ ಮಾತು ಬೇಡ. 'ಐದು ನಿಮಿಷ' ಬೇಡ. ಜನ ಹೊತ್ತು ತಿಳಿಯುತ್ತಿದ್ದದ್ದು ಗಂಟೆಯ ಸದ್ದಿನಿಂದ. 'ಒಂದು ಪ್ರಾರ್ಥನೆ ಹೇಳಿ ಮುಗಿಸುವಷ್ಟು ಹೊತ್ತು' ಎನ್ನಿ, 'ಮೊದಲ ಜಾವ' ಎನ್ನಿ. ಕೊರೋನರ್, ಷೆರಿಫ್, ಪ್ರಯರ್ ಎಂಬ ಪದಗಳನ್ನು ಹಾಗೆಯೇ ಇಡಿ. 'ಶವಪರೀಕ್ಷಣಾಧಿಕಾರಿ' ಎಂದು ಬರೆದರೆ ಅವನ ಕುದುರೆಯೂ ಸರ್ಕಾರಿ ಜೀಪಾಗುತ್ತದೆ.

ಹಂತ 9: ಕಿತ್ತು ನೋಡುವ ಪರೀಕ್ಷೆ

ಮೊದಲ ಕರಡು ಮುಗಿದ ಮೇಲೆ ಎರಡು ವಾರ ಮುಟ್ಟಬೇಡಿ. ಆಮೇಲೆ ಹೀಗೆ ಮಾಡಿ.

ಮಾಟದ ಎಲ್ಲ ದೃಶ್ಯಗಳನ್ನೂ ತೆಗೆದುಬಿಟ್ಟೆ ಎಂದುಕೊಂಡು ಕಥೆಯನ್ನು ಒಂದು ಪುಟದಲ್ಲಿ ಬರೆಯಿರಿ. ಕೊಲೆ ಆಗಲೂ ಹಾಗೆಯೇ ಉಳಿಯಬೇಕು. ಆದರೆ ಯಾರೂ ಮೋಸ ಹೋಗಬಾರದು, ಮೂರೇ ದಿನಕ್ಕೆ ಕೊಲೆಗಾರ ಸಿಕ್ಕಿಬೀಳಬೇಕು. ಕೊಲೆಯೇ ಬಿದ್ದುಹೋದರೆ ಮೂರನೇ ಹಂತಕ್ಕೆ ವಾಪಸ್ ಹೋಗಿ. ಏನೂ ಬದಲಾಗದಿದ್ದರೆ ಮಾಟ ಸುಮ್ನೆ ಅಲಂಕಾರಕ್ಕೆ ಇದೆ ಎಂದರ್ಥ, ಐದಕ್ಕೆ ಹೋಗಿ.

ಈಗ ರಾಜಕೀಯ ತೆಗೆಯಿರಿ. ಕೊಲೆಗಾರನಿಗೆ ಸಿಟ್ಟು ಉಳಿಯಬೇಕು, ಅವಸರ ಹೋಗಬೇಕು. ಅವಸರ ಹಾಗೇ ಉಳಿದಿದ್ದರೆ ನಿಮ್ಮ ರಾಜ-ರಾಣಿ ಗೋಡೆಯ ಮೇಲಿನ ಚಿತ್ರ ಅಷ್ಟೇ.

ಬೇರೆ ಅಪಾಯದ ಗುರುತುಗಳೂ ಇವೆ. ಪತ್ತೆದಾರ ಬಾಗಿಲ ಹಿಂದೆ ನಿಂತು ಕದ್ದು ಕೇಳುವುದು ಎರಡು ಸಲಕ್ಕಿಂತ ಜಾಸ್ತಿ ಆಗಿದೆಯೇ? ಕೊಲೆಗಾರ ಕೊನೆಯಲ್ಲಿ ತಾನೇ ನಾಲ್ಕು ಪುಟ ತಪ್ಪೊಪ್ಪಿಗೆ ಕೊಡುತ್ತಾನೆಯೇ? ಸಾಯುವವನು ಅರ್ಧ ಹೆಸರು ಹೇಳಿ ಪ್ರಾಣ ಬಿಡುತ್ತಾನೆಯೇ? ಹೌದಾದರೆ ಸುಳಿವುಗಳು ಸಾಕಾಗಿಲ್ಲ.

ಕೊನೆಗೆ ಹಸ್ತಪ್ರತಿಯ ಮೂರನೇ ಎರಡು ಭಾಗವನ್ನು ಮಾತ್ರ ಇಬ್ಬರಿಗೆ ಓದಲು ಕೊಡಿ. ಒಬ್ಬರು ಕೊಲೆ ಕಾದಂಬರಿ ಓದುವವರು, ಇನ್ನೊಬ್ಬರು ಓದದವರು. ಕೊಲೆಗಾರನ ಹೆಸರನ್ನೂ ಅದಕ್ಕೆ ಕಾರಣವನ್ನೂ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಇಬ್ಬರೂ ಸರಿ ಹೇಳಿದರೆ ಸುಳಿವುಗಳನ್ನು ಇನ್ನಷ್ಟು ಹೂಳಿ. ಇಬ್ಬರೂ ತಪ್ಪು ಹೇಳಿದರೆ ಉಳಿದ ಭಾಗವನ್ನು ಓದಿಸಿ ಅವರ ಮುಖ ನೋಡಿ. 'ಅಯ್ಯೋ, ಆ ಬೆಕ್ಕು!' ಎಂದು ಹಿಂದಿನ ಪುಟ ಹುಡುಕಲು ಶುರುಮಾಡಿದರೆ ಪ್ರಕಾಶಕರಿಗೆ ಕಳಿಸಬಹುದು.